ಗುಡ್ಡದ ಬುಡದ ಊರಲ್ಲಿ ಕೆಲಸ ಶುರು ಮಾಡುವವರಿಗೆ: ಮೊದಲು ನಷ್ಟದ ವಹಿ, ಆಮೇಲೆ ಕಾಡಿನ ಮಾತು

ಗದಗ ಜಿಲ್ಲೆಯ ಕಪ್ಪತಗುಡ್ಡವನ್ನು ಉಳಿಸಿಕೊಂಡವರು ಜನ. 2015ರಲ್ಲಿ ಅದು ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಮರುವರ್ಷ ಸರಕಾರವೇ ಆ ಆದೇಶವನ್ನು ಹಿಂದಕ್ಕೆ ಪಡೆಯಿತು. ಗದಗದಲ್ಲಿ ತೋಂಟದ ಸಿದ್ಧಲಿಂಗ ಸ್ವಾಮೀಜಿಗಳ ಮುಂದಾಳತನದಲ್ಲಿ ಜನ ಅಹೋರಾತ್ರಿ ಧರಣಿ ಕುಳಿತರು. 2017ರಲ್ಲಿ ಆದೇಶ ಮರಳಿ ಬಂತು, 2019ರಲ್ಲಿ 244 ಚದರ ಕಿಲೋಮೀಟರಿನ ವನ್ಯಜೀವಿಧಾಮವೂ ಆಯಿತು. ಇದು ಪೇಪರಿನಲ್ಲಿ ಬಂದ ಕಥೆ. ಪೇಪರಿನಲ್ಲಿ ಬಾರದ್ದು ಇನ್ನೊಂದಿದೆ: ಧಾಮವಾದ ಮೇಲೂ ಗುಡ್ಡದ ಬುಡದ ಶೇಂಗಾ ಹೊಲಕ್ಕೆ ರಾತ್ರಿ ಹಂದಿ ಇಳಿಯುವುದು ನಿಂತಿಲ್ಲ, ಹಟ್ಟಿಯ ಕುರಿಯನ್ನು ತೋಳ ಒಯ್ಯುವುದು ನಿಂತಿಲ್ಲ. ಧರಣಿಗೆ ಬಂದವರು ಮನೆಗೆ ಹೋದರು, ಹೊಲ ಇದ್ದವನು ಹೊಲದಲ್ಲೇ ಇದ್ದಾನೆ.

ಈಗ ಗದಗ, ಹಾವೇರಿ, ಧಾರವಾಡ ಕಡೆಯ ಕಾಲೇಜು ಹುಡುಗರು, ಯುವಕ ಮಂಡಳದವರು, ಸ್ವಸಹಾಯ ಸಂಘದ ಅಕ್ಕಂದಿರು ‘ನಮ್ಮೂರ ಕಾಡಿಗೆ ಏನಾದರೂ ಮಾಡಬೇಕು’ ಎಂದು ಕೇಳುತ್ತಾರೆ. ಅವರ ತಲೆಯಲ್ಲಿ ಮೊದಲು ಇರುವುದು ಸಸಿ ನೆಡುವುದು, ಜಾಥಾ ಮಾಡುವುದು, ಶಾಲೆ ಗೋಡೆಗೆ ಹುಲಿಯ ಚಿತ್ರ ಬರೆಸುವುದು. (ಕಪ್ಪತಗುಡ್ಡದಲ್ಲಿ ಹುಲಿ ಇಲ್ಲ. ತೋಳ, ಕತ್ತೆಕಿರುಬ, ಚಿರತೆ, ಕೊಂಡಕುರಿ ಇವೆ. ಬರೆಸುವುದೇ ಆದರೆ ಅವನ್ನು ಬರೆಸಿ.) ಬಿತ್ತುವ ರೈತನಿಗೂ ಕುರಿ ಕಾಯುವವನಿಗೂ ಇದರಿಂದ ಏನೂ ಆಗುವುದಿಲ್ಲ. ನಾನು ಹೇಳುವ ದಾರಿ ಉಲ್ಟಾ ಇದೆ. ಮೊದಲು ಊರಿನ ನಷ್ಟ ಬರೆಯಿರಿ. ಕಾಡಿನ ಮಾತು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ.

ಒಂದೇ ಊರು, ಸರಿಯಾದ ಗಡಿ

ಹತ್ತು ಊರು ಹಿಡಿಯಬೇಡಿ, ಒಂದೇ ಹಿಡಿಯಿರಿ. ಡೋಣಿ, ಕಡಕೋಳ, ಡಂಬಳ ಸುತ್ತಲಿನ ಯಾವುದೇ ಊರಿರಲಿ, ಮೊದಲ ಕೆಲಸ ನಿಮ್ಮ ಕಾಲಡಿಯ ನೆಲ ಯಾವುದೆಂದು ತಿಳಿಯುವುದು. ಧಾಮದ ಒಳಗೋ, ಮೀಸಲು ಅರಣ್ಯವೋ, ಗೋಮಾಳವೋ, ಪಟ್ಟಾ ಹೊಲವೋ? ‘ಇದೆಲ್ಲಾ ಫಾರೆಸ್ಟಿಂದ’ ಎಂದು ಊರವರು ಹೇಳಿದ್ದು ಎಷ್ಟೋ ಸಲ ಗೋಮಾಳವಾಗಿರುತ್ತದೆ, ಅದರ ಉಲ್ಟಾವೂ ಆಗಿರುತ್ತದೆ. ಧಾಮದ ಅಧಿಸೂಚನೆಯ ಪ್ರತಿ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ ಪಡೆಯಿರಿ. ಅದರಲ್ಲಿ ಗಡಿಯ ವಿವರ ಇರುತ್ತದೆ. ಮೊಬೈಲಿನಲ್ಲಿ ಭೂಮಾಪನ ಇಲಾಖೆಯ ದಿಶಾಂಕ್ ಆ್ಯಪ್ ಹಾಕಿಕೊಂಡು ನಿಂತ ಜಾಗದ ಸರ್ವೆ ನಂಬರ್ ನೋಡಬಹುದು. ಎರಡನ್ನೂ ತಾಳೆ ಹಾಕಿ, ಗುಡ್ಡದ ಅಂಚಿಗೆ ಇರುವ ಸರ್ವೆ ನಂಬರುಗಳ ಪಟ್ಟಿ ಮಾಡಿಕೊಳ್ಳಿ.

ಕಾನೂನು ಜಾಗದಿಂದ ಜಾಗಕ್ಕೆ ಬೇರೆ. ರಾಷ್ಟ್ರೀಯ ಉದ್ಯಾನದಲ್ಲಿ ದನ ಮೇಯಿಸುವಂತೆಯೇ ಇಲ್ಲ. ವನ್ಯಜೀವಿಧಾಮದಲ್ಲಿ ಮೇಯಿಸುವುದನ್ನು ನಿಯಂತ್ರಿಸುವ, ಬೇಕಾದರೆ ನಿಲ್ಲಿಸುವ ಅಧಿಕಾರ ಮುಖ್ಯ ವನ್ಯಜೀವಿ ಪಾಲಕರಿಗಿದೆ. ಅಂದರೆ ಅಲ್ಲಿ ಮಾತಾಡಲು ಜಾಗವಿದೆ. ಗದಗ ಜಿಲ್ಲೆಯ ಮಾಗಡಿ ಕೆರೆಯಂಥ ಸಂರಕ್ಷಣಾ ಮೀಸಲಿನಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಯೂ ನಿರ್ವಹಣಾ ಸಮಿತಿಯಲ್ಲಿ ಕೂರಬೇಕೆಂದು ವನ್ಯಜೀವಿ ಕಾಯ್ದೆಯೇ ಹೇಳುತ್ತದೆ. ಇದನ್ನು ತಿಳಿಯದೆ ಸಭೆಗೆ ಹೋದರೆ, ಎದುರಿಗೆ ಕುಳಿತವರು ಹೇಳಿದ್ದೇ ಕಾಯ್ದೆ ಆಗುತ್ತದೆ.

ನಷ್ಟದ ವಹಿ

ಒಂದು ಉದ್ದನೆಯ ಗಟ್ಟಿ ರಟ್ಟಿನ ವಹಿ ತನ್ನಿ. ಮೊಬೈಲ್ ಆ್ಯಪ್ ಬೇಡ ಎನ್ನುವುದಿಲ್ಲ, ಆದರೆ ಊರವರು ಕೈಯಲ್ಲಿ ಹಿಡಿದು ತಿರುವಿ ನೋಡಬೇಕು, ‘ನಂದು ಬರದೀಯೇನಪಾ?’ ಎಂದು ಕೇಳಬೇಕು. ವಹಿಯನ್ನು ನಿಮ್ಮ ಮನೆಯಲ್ಲಿ ಇಡಬೇಡಿ. ಎಲ್ಲರೂ ಬಂದು ಹೋಗುವ ಕಿರಾಣಿ ಅಂಗಡಿ, ಹಾಲಿನ ಡೇರಿ ಇಂಥ ಕಡೆ ಇಡಿ. ಡೇರಿ ಎಲ್ಲಕ್ಕಿಂತ ಚಲೋ, ದಿನಾ ಎರಡು ಹೊತ್ತು ಜನ ಬರುತ್ತಾರೆ, ಬರೆಯಲು ಬರುವವರು ಒಬ್ಬರಾದರೂ ಅಲ್ಲಿರುತ್ತಾರೆ.

ಕಾಲಮ್ಮುಗಳು ಇಷ್ಟು ಸಾಕು: ತಾರೀಖು, ಹೊಲದ ಸರ್ವೆ ನಂಬರ್, ಹೊಲ ಯಾರ ಹೆಸರಲ್ಲಿದೆ, ಈ ವರ್ಷ ಮಾಡಿದವರು ಯಾರು, ಬೆಳೆ, ಎಷ್ಟು ಗುಂಟೆ ಹೋಯಿತು, ಯಾವ ಪ್ರಾಣಿ, ಅದೇ ಎಂದು ಹೇಗೆ ಗೊತ್ತಾಯಿತು, ಫೋಟೋ ಇದೆಯೋ ಇಲ್ಲವೋ, ಪರಿಹಾರಕ್ಕೆ ಅರ್ಜಿ ಕೊಟ್ಟ ದಿನ, ದುಡ್ಡು ಬಂದ ದಿನ. ‘ಯಾರ ಹೆಸರಲ್ಲಿದೆ’, ‘ಮಾಡಿದವರು ಯಾರು’ ಎಂಬ ಎರಡು ಕಾಲಮ್ಮನ್ನು ಒಂದು ಮಾಡಬೇಡಿ. ನಮ್ಮ ಕಡೆ ಲಾವಣಿಗೆ, ಪಾಲಿಗೆ ಹೊಲ ಮಾಡುವವರು ಬಹಳ. ಬೀಜ, ಗೊಬ್ಬರ, ಆಳಿನ ಖರ್ಚು ಅವರದು, ಪಹಣಿ ಮಾತ್ರ ಹುಬ್ಬಳ್ಳಿಯಲ್ಲಿ ನೌಕರಿ ಮಾಡುವ ಮಾಲೀಕರದು. ಪರಿಹಾರದ ಹಣ ಪಹಣಿಯ ಹೆಸರಿಗೆ ಹೋಗುತ್ತದೆ. ವಹಿಯಲ್ಲಿ ಮೊದಲೇ ಎರಡೂ ಹೆಸರು ಇದ್ದರೆ, ಬಿತ್ತುವ ಮುಂಚೆಯೇ ಮಾಲೀಕರ ಜೊತೆ ಮಾತಾಡಿ, ಪರಿಹಾರ ಬಂದರೆ ಯಾರಿಗೆ ಎಷ್ಟು ಎಂದು ಹಾಳೆ ಮೇಲೆ ಬರೆಸಿಕೊಳ್ಳಬಹುದು.

‘ಯಾವ ಪ್ರಾಣಿ’ ಎಂಬ ಕಾಲಮ್ಮಿನಲ್ಲೇ ಹೆಚ್ಚು ಜಗಳ. ಹಂದಿ ಬಂದಿದ್ದರೆ ಶೇಂಗಾ ಸಾಲು ಮೂತಿಯಿಂದ ಅಗೆದು ಮಣ್ಣು ಮೇಲೆ ಬಿದ್ದಿರುತ್ತದೆ, ಗೋವಿನಜೋಳದ ದಂಟು ನೆಲಕ್ಕೆ ಮುರಿದಿರುತ್ತದೆ. ಚಿಗರಿ, ಅಂದರೆ ಕೃಷ್ಣಮೃಗ, ಹಾಗೆ ಮಾಡುವುದಿಲ್ಲ. ಎಳೆ ಬೆಳೆಯ ತುದಿ ಕಡಿದು ಮುಂದೆ ಹೋಗುತ್ತದೆ. (ಹುಬ್ಬಳ್ಳಿ-ಧಾರವಾಡದ ಬಸ್ಸಿಗೆ ಚಿಗರಿ ಎಂದು ಹೆಸರಿಟ್ಟಿದ್ದೇವೆ. ರಾಣೇಬೆನ್ನೂರು ಕಡೆ ರೈತರ ಮುಂದೆ ಆ ಹೆಸರು ಹೇಳಿದರೆ ಬೇರೆಯೇ ಉತ್ತರ ಸಿಗುತ್ತದೆ.)

ಕುರಿ ಸತ್ತಾಗ ಇನ್ನೂ ಹುಷಾರಾಗಿ ನೋಡಬೇಕು. ಎಲ್ಲ ತಪ್ಪನ್ನೂ ತೋಳದ ತಲೆಗೆ ಕಟ್ಟುವುದು ರೂಢಿ. ತೋಳ ಸಾಮಾನ್ಯವಾಗಿ ಗಂಟಲಿಗೆ ಬಾಯಿ ಹಾಕುತ್ತದೆ, ಒಂದನ್ನು ಹೊತ್ತೊಯ್ಯುತ್ತದೆ. ಬೀದಿನಾಯಿಗಳ ಹಿಂಡು ನುಗ್ಗಿದರೆ ಹಿಂಗಾಲು, ತೊಡೆ, ಬಾಲದ ಕಡೆ ಹರಿದಿರುತ್ತದೆ. ಒಂದೇ ರಾತ್ರಿ ಹಲವು ಕುರಿ ಗಾಯಗೊಂಡು ಬಿದ್ದಿರುತ್ತವೆ, ತಿಂದದ್ದು ಕಡಿಮೆ. ಕತ್ತೆಕಿರುಬ ಹೆಚ್ಚಾಗಿ ಸತ್ತದ್ದನ್ನು ತಿನ್ನಲು ಬರುವುದು. ಬೆಳಿಗ್ಗೆ ಹೆಣದ ಹತ್ತಿರ ಅದರ ಹೆಜ್ಜೆ ಕಂಡಿತೆಂದರೆ ಕೊಂದದ್ದು ಅದೇ ಎಂದಲ್ಲ. ಅರ್ಜಿಯಲ್ಲಿ ‘ತೋಳ’ ಎಂದು ಬರೆದು, ಪರಿಶೀಲನೆಗೆ ಬಂದವರು ‘ನಾಯಿ’ ಎಂದರೆ ಆ ಅರ್ಜಿ ಅಲ್ಲಿಗೇ ಮುಗಿಯಿತು, ಮುಂದಿನ ಅರ್ಜಿಯನ್ನೂ ಅನುಮಾನದಿಂದಲೇ ನೋಡುತ್ತಾರೆ.

ಕುರಿಗಾರರ ಹತ್ತಿರ ಹೋಗುವಾಗ ಹೊತ್ತು ನೋಡಿ ಹೋಗಿ. ವಲಸೆ ಹೋದವರು ಮುಂಗಾರಿಗೆ ಮರಳಿದಾಗ, ಸಂಜೆ ಕುರಿ ತರುಬಿದ ಮೇಲೆ, ಅವರ ದಡ್ಡಿಯ ಹತ್ತಿರವೇ ಕೂತು ಮಾತಾಡಬೇಕು. ಪಂಚಾಯಿತಿ ಸಭೆಗೆ ಅವರು ಬರುವುದಿಲ್ಲ, ಬಂದರೂ ಹಿಂದಿನ ಸಾಲಿನಲ್ಲಿ ನಿಂತು ಹೋಗುತ್ತಾರೆ. ಇಂಥದ್ದೇ ಒಂದು ಸಂಜೆ ಹಿರಿಯರೊಬ್ಬರು ನನಗೆ ಮುಖದ ಮೇಲೆ ಹೊಡೆದಂತೆ ಹೇಳಿದ್ದರು: ‘ತ್ವಾಳ ಉಳಸಾಕ ನೀವು ಬಂದೀರಿ ಸರ. ಕುರಿ ಉಳಸಾಕ ಯಾರ್ ಬರ್ತಾರ್ರೀ?’ ಇದಕ್ಕೆ ಉತ್ತರ ಇಟ್ಟುಕೊಂಡೇ ಆ ದಡ್ಡಿಗೆ ಹೋಗಿ. ಮುಂದಿನ ಎರಡು ಹೆಜ್ಜೆ ಆ ಉತ್ತರವೇ.

ಅರ್ಜಿ ಹಾಕಿಸುವುದು

ಪ್ರಾಣಿ ಸತ್ತರೆ ಹೆಣ ಸರಿಸಬೇಡಿ, ಹೂಳಬೇಡಿ. ಸಿಟ್ಟಿನಲ್ಲಿ ಹೆಣಕ್ಕೆ ವಿಷ ಬೆರೆಸುವವರಿದ್ದಾರೆ; ಅದನ್ನು ತಿಂದು ಸಾಯುವುದು ತೋಳವಷ್ಟೇ ಅಲ್ಲ, ಊರ ನಾಯಿ, ಕತ್ತೆಕಿರುಬ, ಹದ್ದು ಎಲ್ಲವೂ. ಅದು ಜೈಲಿಗೆ ಹೋಗುವ ಅಪರಾಧವೂ ಹೌದು. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಬೀಟ್ ಗಾರ್ಡಿಗೂ ತಿಳಿಸಿ. ಎರಡೂ ಕರೆಯ ಹೊತ್ತನ್ನು ವಹಿಯಲ್ಲಿ ಬರೆಯಿರಿ. ಹೆಜ್ಜೆ ಗುರುತಿನ ಪಕ್ಕ ಬೆಂಕಿಪೊಟ್ಟಣವನ್ನೋ ನಾಣ್ಯವನ್ನೋ ಇಟ್ಟು ಫೋಟೋ ತೆಗೆದರೆ ಅಳತೆ ಗೊತ್ತಾಗುತ್ತದೆ. ಪಶುವೈದ್ಯರ ಪ್ರಮಾಣಪತ್ರ, ಸ್ಥಳದ ಪಂಚನಾಮೆ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್, ಬೆಳೆಯಾದರೆ ಪಹಣಿ, ಇವಿಷ್ಟನ್ನು ಒಂದು ಫೈಲಿನಲ್ಲಿ ಹಾಕಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸ್ವೀಕೃತಿ ಇಲ್ಲದ ಅರ್ಜಿ ಕೊಟ್ಟರೂ ಒಂದೇ, ಕೊಡದಿದ್ದರೂ ಒಂದೇ. ಪರಿಹಾರದ ದರ ಆಗಾಗ ಬದಲಾಗುತ್ತದೆ, ಹಾಗಾಗಿ ಚಾಲ್ತಿಯಲ್ಲಿರುವ ಆದೇಶದ ಪ್ರತಿ ತಂದು ಡೇರಿಯ ಗೋಡೆಗೆ ಅಂಟಿಸಿ.

ಅರ್ಜಿ ಬಿದ್ದುಹೋಗುವ ದೊಡ್ಡ ಕಾರಣ ಕಾಡಿಗೆ ಸಂಬಂಧಪಟ್ಟದ್ದೇ ಅಲ್ಲ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿ ಇರುತ್ತದೆ. ಅಣ್ಣತಮ್ಮಂದಿರು ಹೊಲ ಹಂಚಿಕೊಂಡು ಇಪ್ಪತ್ತು ವರ್ಷವಾಗಿರುತ್ತದೆ, ಕಾಗದದ ಮೇಲೆ ಹಂಚಿಕೆ ಆಗಿರುವುದಿಲ್ಲ. ಆದ್ದರಿಂದ ನಿಮ್ಮ ಮೊದಲ ವರ್ಷದ ‘ವನ್ಯಜೀವಿ ಸಂರಕ್ಷಣೆ’ ಪೌತಿ ಖಾತೆಯ ಶಿಬಿರವಾದರೆ ನಗಬೇಡಿ. ಗ್ರಾಮ ಆಡಳಿತ ಅಧಿಕಾರಿಯನ್ನು ಕರೆಸಿ, ಮರಣ ಪ್ರಮಾಣಪತ್ರ, ವಂಶವೃಕ್ಷ ಹೊಂದಿಸಿಕೊಟ್ಟು ಖಾತೆ ಬದಲಾಯಿಸಿಕೊಡಿ. ಬೆಳೆ ಸಾಲಕ್ಕೂ ವಿಮೆಗೂ ಅದೇ ಕಾಗದ ಬೇಕು. ಈ ಒಂದು ಕೆಲಸದಿಂದ ಊರಿನಲ್ಲಿ ನಿಮಗೆ ಸಿಗುವ ಮಾತಿನ ತೂಕ ಯಾವ ಜಾಥಾದಿಂದಲೂ ಸಿಗುವುದಿಲ್ಲ.

ಕುರಿ, ದನ, ನಾಯಿ

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 33ಎ ಕಲಮನ್ನು ಬಹಳ ಜನ ಓದಿಲ್ಲ. ಧಾಮದ ಒಳಗೆ ಮತ್ತು ಅದರಿಂದ ಐದು ಕಿಲೋಮೀಟರ್ ಒಳಗಿನ ಜಾನುವಾರುಗಳಿಗೆ ಸಾಂಕ್ರಾಮಿಕ ರೋಗದ ಲಸಿಕೆ ಹಾಕಿಸುವ ಹೊಣೆ ಮುಖ್ಯ ವನ್ಯಜೀವಿ ಪಾಲಕರದು ಎಂದು ಅದು ಹೇಳುತ್ತದೆ. ರೈತನ ದನಕ್ಕೂ ಗುಡ್ಡದ ಕೊಂಡಕುರಿಗೂ ಕಾಲುಬಾಯಿ ಬೇನೆ ಬರುತ್ತದೆ. ಲಸಿಕೆ ಹಾಕಿದರೆ ಇಬ್ಬರಿಗೂ ಒಳ್ಳೆಯದು. ಈ ಕಲಮನ್ನು ನಮೂದಿಸಿ ಗ್ರಾಮಸಭೆಯಲ್ಲಿ ಠರಾವು ಮಾಡಿ, ಅರಣ್ಯ ಇಲಾಖೆಗೂ ಪಶು ಆಸ್ಪತ್ರೆಗೂ ಒಂದೊಂದು ಪ್ರತಿ ಕಳಿಸಿ. ಕಾಲುಬಾಯಿ ಬೇನೆಯ ಲಸಿಕೆ ಹೇಗೂ ಉಚಿತ. ಕುರಿಗೆ ಪಿಪಿಆರ್ (ಕುರಿ, ಆಡಿಗೆ ಬರುವ ಸಾಂಕ್ರಾಮಿಕ ರೋಗ) ಮತ್ತು ಕರುಳುಬೇನೆಯ ಲಸಿಕೆಯನ್ನು ಕೇಳಿ ಹಾಕಿಸಿ. ಶಿಬಿರದ ದಿನವನ್ನು ಕುರಿಗಾರರು ಹೇಳಿದಂತೆ ಇಡಿ, ನಿಮ್ಮ ಅನುಕೂಲ ನೋಡಿ ಭಾನುವಾರ ಮಧ್ಯಾಹ್ನ ಇಡಬೇಡಿ. ಆ ಹೊತ್ತಿಗೆ ಕುರಿ ಗುಡ್ಡದಲ್ಲಿರುತ್ತವೆ.

ರೋಗದಿಂದಲೋ ಆಕಸ್ಮಿಕವಾಗಿಯೋ ಕುರಿ, ಆಡು ಸತ್ತರೆ ಪಶುಸಂಗೋಪನಾ ಇಲಾಖೆಯ ಅನುಗ್ರಹ ಯೋಜನೆ ಇದೆ. ಕಾಡುಪ್ರಾಣಿ ಕೊಂದದ್ದಕ್ಕೆ ಹೋಗಬೇಕಾದ ಬಾಗಿಲು ಬೇರೆ. ಇವೆರಡನ್ನು ಬೆರೆಸಬೇಡಿ. ವಹಿಯಲ್ಲಿ ಕಾರಣ ಬರೆದದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ನಾಯಿಯ ವಿಷಯ ಯಾರಿಗೂ ರುಚಿಸುವುದಿಲ್ಲ, ಆದರೆ ತಪ್ಪಿಸಿಕೊಳ್ಳಲಾಗುವುದಿಲ್ಲ. ಕೋಳಿ ಫಾರ್ಮಿನ ಸತ್ತ ಕೋಳಿ, ಊರ ಹೊರಗೆ ಎಸೆದ ದನದ ಹೆಣ ತಿಂದು ಬೆಳೆದ ನಾಯಿ ಹಿಂಡು ಕುರಿ ಕೊಲ್ಲುತ್ತದೆ, ಚಿಗರಿ ಮರಿ ಹಿಡಿಯುತ್ತದೆ, ರೇಬೀಸ್, ಡಿಸ್ಟೆಂಪರ್ ರೋಗಗಳನ್ನು ತೋಳಕ್ಕೂ ನರಿಗೂ ದಾಟಿಸುತ್ತದೆ. ಫಾರ್ಮಿನವರಿಗೆ ಸತ್ತ ಕೋಳಿ ಹೂಳುವ ಆಳವಾದ ಗುಂಡಿ ತೋಡಿಸಿ. ಕುರಿಗಾರರ ಕಾವಲು ನಾಯಿಗಳಿಂದ ಶುರುಮಾಡಿ ಊರ ನಾಯಿಗಳಿಗೆಲ್ಲ ರೇಬೀಸ್ ಲಸಿಕೆ ಹಾಕಿಸಿ. ಶಾಲೆಯಲ್ಲಿ ಒಂದು ತಾಸು ತೆಗೆದುಕೊಂಡು ಮಕ್ಕಳಿಗೆ ಇದನ್ನು ಕಲಿಸಿ: ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು, ಅರಿಷಿಣ, ಸುಣ್ಣ ಮೆತ್ತಬಾರದು, ಅವತ್ತೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು.

ಬೇಲಿ

ಕರೆಂಟ್ ತಂತಿಯನ್ನು ನೇರ ಬೇಲಿಗೆ ಬಿಡುವುದು ನಮ್ಮ ಕಡೆಯ ದೊಡ್ಡ ಪಿಡುಗು. ಹಂದಿಗೆಂದು ಬಿಟ್ಟದ್ದಕ್ಕೆ ನಸುಕಿನಲ್ಲಿ ನೀರು ಹಾಯಿಸಲು ಹೋದ ಪಕ್ಕದ ಹೊಲದವನು ಬಲಿಯಾಗುತ್ತಾನೆ. ಪ್ರಾಣಿ ಸತ್ತರೆ ವನ್ಯಜೀವಿ ಕಾಯ್ದೆಯ ಕೇಸು, ಜೊತೆಗೆ ವಿದ್ಯುತ್ ಕಳವಿನದೂ. ಇದನ್ನು ಊರ ಸಭೆಯಲ್ಲಿ ಬಿಚ್ಚುಮಾತಿನಲ್ಲಿ ಹೇಳಬೇಕು, ಹೇಳಿದ ಮೇಲೆ ಬದಲಿ ದಾರಿಯನ್ನೂ ಕೊಡಬೇಕು. ಸೌರ ಬೇಲಿ ಕೊಲ್ಲುವುದಿಲ್ಲ, ಬಿಟ್ಟು ಬಿಟ್ಟು ಹೊಡೆದು ಹೆದರಿಸುತ್ತದೆ. ಆದರೆ ಒಬ್ಬೊಬ್ಬರೇ ಹಾಕಿಕೊಂಡರೆ ಹಂದಿ ಪಕ್ಕದವನ ಹೊಲಕ್ಕೆ ತಿರುಗುತ್ತದೆ, ಜಗಳ ಹುಟ್ಟುತ್ತದೆ. ಗುಡ್ಡದ ಅಂಚಿನ ಹತ್ತಾರು ಹೊಲ ಕೂಡಿಸಿ ಒಂದೇ ಸಾಲು ಹಾಕಿ. ತಂತಿಗೆ ಹುಲ್ಲು ತಾಗಿದರೆ ಕರೆಂಟ್ ಸೋರುವುದರಿಂದ ಮಳೆಗಾಲದಲ್ಲಿ ಹುಲ್ಲು ಸವರುವ ಪಾಳಿ ಗೊತ್ತುಮಾಡಿ. ಸಹಾಯಧನ ಈಗ ಎಷ್ಟಿದೆ ಎಂದು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ.

ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆಯ ಸುತ್ತ ಕುಸುಬಿಯ ಅಂಚು ಹಾಕುವುದು ನಮ್ಮ ಹಿರಿಯರ ಪದ್ಧತಿ. ಅದರ ಮುಳ್ಳಿಗೆ ದನ ಬಾಯಿ ಹಾಕುವುದಿಲ್ಲ. ಹಂದಿಯ ಹಿಂಡನ್ನು ಅದು ತಡೆಯದು, ಆದರೆ ಬಿಡಾಡಿ ದನ ದೂರ ಇಡಲು, ಎಣ್ಣೆಗೂ ಆಗಲು ಸಾಕು.

ಯಾವ ಸಮಿತಿ ಯಾತಕ್ಕೆ

ಊರಲ್ಲಿ ಕಾಗದದ ಮೇಲೆ ಮೂರು ಸಮಿತಿ ಈಗಾಗಲೇ ಇರುತ್ತವೆ. ಹೊಸದನ್ನು ಕಟ್ಟುವ ಮೊದಲು ಅವನ್ನು ಹುಡುಕಿ. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಪಂಚಾಯಿತಿಯಲ್ಲಿ ಆ ದಾಖಲಾತಿ ತೋರಿಸಿ ಎಂದು ಕೇಳಿ. ಎಷ್ಟೋ ಕಡೆ ಯಾರೋ ಹೊರಗಿನವರು ಬರೆದುಕೊಟ್ಟದ್ದು ಕಪಾಟಿನಲ್ಲಿರುತ್ತದೆ, ಪಕ್ಕದೂರಿನದೂ ಅದೂ ಅಕ್ಷರ ಅಕ್ಷರ ಒಂದೇ ಇರುತ್ತದೆ. ಕಪ್ಪತಗುಡ್ಡದ ಔಷಧಿ ಗಿಡ ಬಲ್ಲವರು ಊರೂರಲ್ಲಿ ಇದ್ದಾರೆ. ಸೂಲಗಿತ್ತಿ ಅಜ್ಜಿ, ನಾಟಿ ವೈದ್ಯರು, ಕುರಿಗಾರರು. ಅವರನ್ನು ಕೂರಿಸಿ ಹೊಸದಾಗಿ ಬರೆಸಿ. ಯಾವ ಗಿಡ ಎಲ್ಲಿದೆ ಎಂಬ ಜಾಗದ ವಿವರವನ್ನು ಮಾತ್ರ ಫೇಸ್‌ಬುಕ್ಕಿಗೆ ಹಾಕಬೇಡಿ, ಬೇರು ಕಿತ್ತು ಮಾರುವವರು ಅದನ್ನೇ ಕಾಯುತ್ತಿರುತ್ತಾರೆ.

ಎರಡನೆಯದು ಗ್ರಾಮ ಅರಣ್ಯ ಸಮಿತಿ, ಅರಣ್ಯ ಇಲಾಖೆಯ ಜೊತೆಗೂಡಿ ನಡೆಯುವಂಥದ್ದು. ಮೂರನೆಯದು ಅರಣ್ಯ ಹಕ್ಕು ಕಾಯ್ದೆ 2006ರ ಅರಣ್ಯ ಹಕ್ಕು ಸಮಿತಿ. ಈ ಕಾಯ್ದೆ ಧಾಮದ ಒಳಗೂ ಅನ್ವಯಿಸುತ್ತದೆ, ಕುರಿ ಮೇಯಿಸಲು ಋತುಮಾನಕ್ಕೆ ಬಂದು ಹೋಗುವವರ ಹಕ್ಕನ್ನೂ ಹೆಸರಿಸುತ್ತದೆ. ತೊಡಕಿರುವುದು ಪುರಾವೆಯಲ್ಲಿ: ಪರಿಶಿಷ್ಟ ಪಂಗಡದವರಲ್ಲದಿದ್ದರೆ 2005ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ನೆಲೆಯನ್ನು ತೋರಿಸಬೇಕು. ಹಳೆಯ ಮೇವಿನ ಪಾಸು, ದಂಡ ಕಟ್ಟಿದ ರಸೀದಿ, ಹಿರಿಯರ ಹೇಳಿಕೆ, ಸಿಕ್ಕಿದ್ದನ್ನೆಲ್ಲ ಕೂಡಿಸಿ. ಸುಲಭವೆಂದು ಕುರಿಗಾರರಿಗೆ ಆಸೆ ಹುಟ್ಟಿಸಬೇಡಿ.

ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯ ನಂತರ ಧಾಮದ ಸಲಹಾ ಸಮಿತಿಯಲ್ಲಿ ಪಂಚಾಯತ್ ರಾಜ್ ಸಂಸ್ಥೆಗಳ ಮೂವರಿಗೆ ಜಾಗವಿದೆ. ನಿಮ್ಮ ಕಡೆಯಿಂದ ಯಾರಾದರೂ ಇದ್ದರೆ ಅವರ ಕೈಗೆ ನಷ್ಟದ ವಹಿಯ ಒಂದು ಪುಟದ ಲೆಕ್ಕ ಕೊಟ್ಟು ಕಳಿಸಿ: ಎಷ್ಟು ಅರ್ಜಿ, ಎಷ್ಟಕ್ಕೆ ದುಡ್ಡು ಬಂತು, ಎಷ್ಟು ತಿಂಗಳು ಹಿಡಿಯಿತು. ಭಾಷಣಕ್ಕಿಂತ ಆ ಪುಟಕ್ಕೆ ಉತ್ತರ ಕೊಡುವುದು ಅಧಿಕಾರಿಗಳಿಗೆ ಕಷ್ಟ.

ಹುಲ್ಲು, ಬೆಂಕಿ, ಸಸಿ

ಸಸಿ ನೆಡಬೇಡಿ ಎಂದರೆ ಜನ ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ. ಕಪ್ಪತಗುಡ್ಡದ ಬಹಳಷ್ಟು ಭಾಗ ಹುಲ್ಲು, ಕುರುಚಲು. ಅದು ಬೋಳು ಗುಡ್ಡ ಅಲ್ಲ. ತೋಳ, ಚಿಗರಿ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿ ಬದುಕುವುದೇ ಅಲ್ಲಿ. ರಾಣೇಬೆನ್ನೂರಿನ ಕೃಷ್ಣಮೃಗ ಧಾಮ 1974ರಲ್ಲಿ ಆಯಿತು, ಆಗ ಅಲ್ಲಿ ಎರೆಭೂತ ಎಂಬ ಹುಲ್ಲುಗಾವಲಿನ ದೊಡ್ಡ ಹಕ್ಕಿಯೂ ಇತ್ತು. ಹುಲ್ಲುಗಾವಲಿನಲ್ಲಿ ನೀಲಗಿರಿ ತುಂಬಿದ ಆ ಸೀಮೆಯಲ್ಲಿ ಈಗ ಎರೆಭೂತ ಇಲ್ಲ. ರಾಜ್ಯದಲ್ಲಿ ಬೆರಳೆಣಿಕೆಯಷ್ಟು ಉಳಿದಿರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ. ಸಸಿ ನೆಡಲೇಬೇಕೆಂದರೆ ಶಾಲೆ ಆವಾರ, ಕೆರೆ ದಂಡೆ, ಹೊಲದ ಬದು ಇದೆಯಲ್ಲ? ಬೇವು, ಹುಣಸೆ, ಬಾರಿ, ಕವಳಿ ಹಾಕಿ. ಗುಡ್ಡದ ಹುಲ್ಲನ್ನು ಅದರ ಪಾಡಿಗೆ ಬಿಡಿ.

ಹುಲ್ಲು ಇದ್ದಲ್ಲಿ ಬೆಂಕಿಯ ಭಯ ಇದ್ದೇ ಇದೆ. ಎಳ್ಳಮಾವಾಸ್ಯೆಯ ಚರಗ ಚೆಲ್ಲಿ ಬರುವಷ್ಟರಲ್ಲಿ ಗುಡ್ಡ ಒಣಗಿರುತ್ತದೆ. ಬೆಂಕಿ ರೇಖೆ (ಬೆಂಕಿ ದಾಟದಂತೆ ಹುಲ್ಲು ಸವರಿದ ಪಟ್ಟಿ) ಮಾಡುವ ಕೂಲಿ ಅದೇ ಊರವರಿಗೆ ಸಿಗುವಂತೆ ಇಲಾಖೆಯ ಜೊತೆ ಮೊದಲೇ ಮಾತಾಡಿ. ಕೂಲಿ ಪಡೆದವನು ಬೆಂಕಿ ಬಿದ್ದಾಗ ಮೊದಲು ಓಡಿಬರುತ್ತಾನೆ. ಹೊಸ ಹುಲ್ಲು ಚಿಗುರಲೆಂದು ಬೆಂಕಿ ಇಡುವವರೂ ಇದ್ದಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ಬೇಸಿಗೆಯಲ್ಲಿ ಮೇವಿಲ್ಲ ಎಂಬುದು ಅವರ ಸಂಕಟ. ಗೋಮಾಳದ ಒಂದು ಭಾಗವನ್ನು ಮುಂಗಾರಿಯಿಂದ ದೀಪಾವಳಿವರೆಗೆ ಮೇಯಿಸದೆ ಬಿಟ್ಟು, ಆಮೇಲೆ ಹುಲ್ಲು ಕೊಯ್ದು ಬಣವೆ ಹಾಕಿಕೊಳ್ಳುವ ಒಪ್ಪಂದ ಮಾಡಿ.

ದುಡ್ಡು

ಜಂಟಿ ಖಾತೆ ತೆಗೆಯಿರಿ, ಸಹಿ ಮಾಡುವವರಲ್ಲಿ ಒಬ್ಬರಾದರೂ ಸ್ವಸಹಾಯ ಸಂಘದ ಮಹಿಳೆ ಇರಲಿ. ಲೆಕ್ಕ ಇಡುವುದರಲ್ಲಿ ಅವರ ಕೈ ಪಳಗಿದೆ. ಪ್ರತಿ ತಿಂಗಳ ಜಮಾ-ಖರ್ಚನ್ನು ನಷ್ಟದ ವಹಿ ಇಟ್ಟ ಡೇರಿಯ ಗೋಡೆಗೇ ಅಂಟಿಸಿ. ಗುಡ್ಡದ ಸುತ್ತ ಗಾಳಿ ವಿದ್ಯುತ್ತಿನ, ಮತ್ತಿತರ ಕಂಪನಿಗಳಿವೆ, ಸಾಮಾಜಿಕ ಹೊಣೆಗಾರಿಕೆಯ ಹಣ ಕೊಡಲು ಮುಂದೆ ಬರುತ್ತವೆ. ಶಾಲೆಗೆ ಬೆಂಚು, ಅಂಗನವಾಡಿಗೆ ಫ್ಯಾನ್ ಕೊಟ್ಟರೆ ಪಂಚಾಯಿತಿ ಪಡೆಯಲಿ. ಆದರೆ ನಷ್ಟದ ವಹಿ, ಬೆಂಕಿ ಕಾವಲು ಇವೆರಡಕ್ಕೆ ಗುಡ್ಡದಲ್ಲಿ ಜಾಗ ಕೇಳುವ ಯಾರ ದುಡ್ಡೂ ಬೇಡ. ನಾಳೆ ಅವರದೇ ಯೋಜನೆಗೆ ಆಕ್ಷೇಪ ಹಾಕುವ ಸಭೆಯಲ್ಲಿ ನೀವು ಎದ್ದು ನಿಲ್ಲಬೇಕಾಗುತ್ತದೆ.

ನೋಡಲು ಬರುವವರು

ಮಾಗಡಿ ಕೆರೆಗೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು-ಕೆರೆಗಳ ರಾಮ್‌ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿದ ಮೇಲೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ನೋಡುವವರ ಕಾರು ಹೆಚ್ಚಾಗಿವೆ. ಹಿಮಾಲಯ ದಾಟಿ ಬರುವ ಈ ಹಕ್ಕಿಗಳು ಕತ್ತಲಲ್ಲಿ ಹೊಲಕ್ಕೆ ಹೋಗಿ ಮೇಯುತ್ತವೆ, ಹಗಲು ಕೆರೆಯಲ್ಲಿ ತಂಗುತ್ತವೆ. ಹೊಲದವನಿಗೆ ನಷ್ಟ, ಚಹಾ ಅಂಗಡಿಯವನಿಗೆ ಲಾಭ. ನಿಮ್ಮೂರಿಗೂ ನೋಡುವವರು ಬರುವಂತಾದರೆ ಪಾರ್ಕಿಂಗ್ ಶುಲ್ಕವನ್ನು ಪಂಚಾಯಿತಿ ಠರಾವಿನ ಮೂಲಕವೇ ಎತ್ತಿ, ಅದರಲ್ಲಿ ಒಂದು ಪಾಲು ಅರ್ಜಿ ತಿರಸ್ಕೃತವಾದ ರೈತರಿಗೆ ಎಂದು ಮೊದಲೇ ಬರೆದಿಡಿ. ಯಾರಿಗೆ ಎಷ್ಟು ಎಂಬುದನ್ನು ವಹಿ ನೋಡಿ ತೀರ್ಮಾನಿಸಿ. ಡ್ರೋನ್ ಹಾರಿಸುವವರನ್ನು, ಹಕ್ಕಿ ಎಬ್ಬಿಸಲು ಕಲ್ಲು ಎಸೆಯುವವರನ್ನು ತಡೆಯಲು ಊರ ಹುಡುಗರಿಬ್ಬರಿಗೆ ದಿನಗೂಲಿ ಕೊಟ್ಟು ನಿಲ್ಲಿಸಿ. ಆ ಕೂಲಿಯೂ ಅದೇ ಶುಲ್ಕದಿಂದ ಹೋಗಲಿ.